ಹಲಗಲಿಯ ಸುದ್ದಿ ಬರೆದವರು ಯಾರು?

1857ರಲ್ಲಿ ಕಂಪನಿ ಸರ್ಕಾರ ತಂದ ಎರಡು ಕಾಯ್ದೆಗಳನ್ನು ನಾನು ಯಾವಾಗಲೂ ಜೋಡಿಯಾಗಿಯೇ ನೆನೆಯುತ್ತೇನೆ. ಜೂನ್ 13ರಂದು ಬಂದದ್ದು ಅಚ್ಚುಕೂಟಗಳ ಮೇಲಿನ ಕಾಯ್ದೆ. ಪರವಾನಗಿ ಇಲ್ಲದೆ ಯಾರೂ ಮುದ್ರಣ ಯಂತ್ರ ಇಟ್ಟುಕೊಳ್ಳುವಂತಿಲ್ಲ, ಸರ್ಕಾರದ ಬಗ್ಗೆ ಜನರಲ್ಲಿ ತಿರಸ್ಕಾರ ಹುಟ್ಟಿಸುವಂಥದ್ದೇನನ್ನೂ ಅಚ್ಚು ಹಾಕುವಂತಿಲ್ಲ, ಹಾಕಿದರೆ ಪರವಾನಗಿ ರದ್ದು. ಗವರ್ನರ್ ಜನರಲ್ ಕ್ಯಾನಿಂಗ್ ಇದನ್ನು ಒಂದು ವರ್ಷದ ಮಟ್ಟಿಗೆ ತಂದ. ಇಂಗ್ಲಿಷ್ ಪತ್ರಿಕೆ, ದೇಶಭಾಷೆಯ ಪತ್ರಿಕೆ ಎಂಬ ಭೇದ ಅದರಲ್ಲಿರಲಿಲ್ಲ. ಪ್ಲಾಸಿ ಯುದ್ಧಕ್ಕೆ ನೂರು ವರ್ಷ ತುಂಬಿದ್ದರ ಬಗ್ಗೆ ಬರೆದ ಲೇಖನಕ್ಕಾಗಿ ‘ಫ್ರೆಂಡ್ ಆಫ್ ಇಂಡಿಯಾ’ದಂಥ ಬಿಳಿಯರ ಪತ್ರಿಕೆಗೂ ಎಚ್ಚರಿಕೆ ಹೋಯಿತು. ಸೆಪ್ಟೆಂಬರಿನಲ್ಲಿ ಬಂದದ್ದು ಹತಾರಗಳ ಮೇಲಿನ ಕಾಯ್ದೆ. ಮೊದಲು ಬಾಯಿ ಕಟ್ಟಿದರು, ಆಮೇಲೆ ಕೈ.

ಮುಧೋಳ ತಾಲೂಕಿನಲ್ಲಿ ಎರಡನೆಯ ಕಾಯ್ದೆಯ ಕಥೆ ಸಣ್ಣ ಮಕ್ಕಳಿಗೂ ಗೊತ್ತು. ಹಲಗಲಿ ಆಗ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿದ ಹಳ್ಳಿ. ಅಲ್ಲಿಯ ಬೇಡರಿಗೆ ಹತಾರವೆಂದರೆ ಬೇಟೆ, ಅನ್ನ, ಮಾನ. ನವೆಂಬರಿನಲ್ಲಿ ಹತಾರ ಒಪ್ಪಿಸಬೇಕೆಂಬ ಹುಕುಂ ಬಂತು. ಅವರು ಒಪ್ಪಿಸಲಿಲ್ಲ, ಕೇಳಲು ಬಂದವರನ್ನು ಅಟ್ಟಿದರು. ನವೆಂಬರ್ 29ರ ರಾತ್ರಿ ಕರ್ನಲ್ ಮಾಲ್ಕಮ್‌ನ ಕುದುರೆ ದಂಡು ಊರನ್ನು ಮುತ್ತಿತು. ಮರುದಿನ ಹಲಗಲಿ ಉರಿದುಹೋಯಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿಯೇ 6 ಜನರನ್ನು ಗಲ್ಲಿಗೇರಿಸಿದರು. ದಾಳಿ ನಡೆದು ಹದಿನೈದು ದಿನವೂ ಆಗಿರಲಿಲ್ಲ.

ಈ ಸುದ್ದಿ ಯಾವ ಪತ್ರಿಕೆಯಿಂದ ನಮ್ಮ ಜನಕ್ಕೆ ತಲುಪಬೇಕಿತ್ತು? ಮಂಗಳೂರಿನಲ್ಲಿ 1843ರಲ್ಲಿ ಹರ್ಮನ್ ಮೊಗ್ಲಿಂಗ್ ಶುರುಮಾಡಿದ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಗಿತ್ತು. ಅಷ್ಟು ಬಿಟ್ಟರೆ ಕೃಷ್ಣೆ, ಘಟಪ್ರಭೆಯ ದಂಡೆಯ ಹಳ್ಳಿಗಳಲ್ಲಿ ಸುದ್ದಿಪತ್ರಿಕೆ ಎಂಬುದು ಇನ್ನೂ ಕಾಲೂರಿರಲಿಲ್ಲ. ಇದ್ದಿದ್ದರೂ ಜೂನ್ ತಿಂಗಳ ಕಾಯ್ದೆ ಅದರ ಕುತ್ತಿಗೆಯ ಮೇಲೆ ಕೂತಿರುತ್ತಿತ್ತು. ಹಾಗಾಗಿ ಹಲಗಲಿಯ ವರದಿ ಬರೆದವನು ಒಬ್ಬ ಲಾವಣಿಕಾರ. ಹಾಡಿನ ಕೊನೆಗೆ ಕುರ್ತಕೋಟಿಯ ಕಲ್ಮೇಶನ ಹೆಸರು ಬರುತ್ತದೆ, ಅದು ದೇವರ ಹೆಸರು. ಹಾಡು ಕಟ್ಟಿದವನು ತನ್ನ ಹೆಸರನ್ನು ದೇವರ ಹಿಂದೆ ಮರೆಮಾಡಿಕೊಂಡ. ಅಂಕಿತ ಹಾಕುವುದು ನಮ್ಮ ಹಾಡುಗಾರರ ರೂಢಿ ನಿಜ. ಆದರೂ 19 ಜನ ಗಲ್ಲಿಗೆ ಹೋದ ಸೀಮೆಯಲ್ಲಿ ಆ ರೂಢಿ ಅವನಿಗೊಂದು ಆಸರೆಯೂ ಆಗಿದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ.

ನಾನು ರಬಕವಿಯ ನೇಕಾರರ ಮನೆಯವನು. ಬದುಕಿನ ಬಹುಪಾಲು ತಾಲೂಕು ವರದಿಗಾರನಾಗಿ ದುಡಿದವನು. ಸುದ್ದಿ ಬರೆದ ಹಾಳೆಗಳನ್ನು ಕವರಿನಲ್ಲಿ ಹಾಕಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದ ಕಾಲದಿಂದ ಮೊಬೈಲಿನಲ್ಲಿ ಬೆರಳಾಡಿಸುವ ಕಾಲದವರೆಗೆ ಈ ಸೀಮೆಯ ಊರುಗಳನ್ನು ಸುತ್ತಿದ್ದೇನೆ. ಆ ಲಾವಣಿಯನ್ನು ನಾನು ವರದಿಗಾರನ ಕಿವಿಯಿಂದಲೇ ಕೇಳುತ್ತೇನೆ. ಹುಕುಂ ಎಲ್ಲಿಂದ ಬಂತು, ಯಾರು ತಂದರು, ಮೊದಲು ಕೈ ಮಾಡಿದವರು ಯಾರು, ದಂಡು ಯಾವಾಗ ಬಂತು, ಮುಂದೆ ನಿಂತು ಕಾದಾಡಿದ ಹನುಮ, ಬಾಲ, ಜಡಗ, ರಾಮರು ಏನಾದರು ಎಂಬುದೆಲ್ಲ ಒಂದಾದ ಮೇಲೊಂದು ಬರುತ್ತದೆ. ದಂಡು ದೋಚಿದ ಸಾಮಾನಿನ ಪಟ್ಟಿಯೂ ಅದರಲ್ಲಿದೆ. ಉಪ್ಪು, ಎಣ್ಣೆ, ಬೆಲ್ಲದಿಂದ ಹಿಡಿದು ಚರಗಿ, ಬೀಸುವ ಕಲ್ಲಿನವರೆಗೆ. ಬಡವರ ಅಡಿಗೆಮನೆಯಿಂದ ಏನೇನು ಹೋಯಿತು ಎಂದು ಬರೆದಿಟ್ಟವನು ಹಾಡುಗಾರ. ಅವನಷ್ಟು ನಿಗಾ ಇಟ್ಟು ಪಂಚನಾಮೆ ಬರೆದವರನ್ನು ನನ್ನ ವೃತ್ತಿಯಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ.

ಮುಧೋಳ ಕಡೆಯ ಒಂದು ಜಾತ್ರೆಯಲ್ಲಿ ಡಪ್ಪು, ತುಂತುಣಿ ಹಿಡಿದು ಹಾಡುತ್ತಿದ್ದ ಹಿರಿಯರೊಬ್ಬರನ್ನು, “ಅಜ್ಜಾರ, ಈ ಹಲಗಲಿ ಪದಾ ನಿಮಗ ಯಾರು ಹೇಳಿಕೊಟ್ಟರ್ರಿ?” ಎಂದು ಕೇಳಿದ್ದೆ. ಅವರು ತುಂತುಣಿ ಕೆಳಗಿಟ್ಟು ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿದರು. “ಯಾರು ಹೇಳಿದ್ರಂತ ಕೇಳಬ್ಯಾಡೊ ತಮ್ಮಾ. ಖರೇ ಐತಿಲ್ಲೊ, ಅಷ್ಟ ನೋಡಕೊ” ಎಂದರು. ಸುದ್ದಿಯ ಮೂಲವನ್ನು ಕಾಯಬೇಕೆಂಬುದನ್ನು ನಾನು ಕಲಿತದ್ದು ಅಲ್ಲಿ.

1880ರ ದಶಕದಲ್ಲಿ ಈ ಕಡೆ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಹಲಗಲಿಯದೂ ಅವುಗಳಲ್ಲಿ ಒಂದು. ಊರು ಸುಟ್ಟ ಸರ್ಕಾರದ ಅಧಿಕಾರಿಯೇ ಊರಿನವರ ವರದಿಯನ್ನು ಮುದ್ರಿಸಿದಂತಾಯಿತು. ಶಾಸನ ಓದುವುದರಲ್ಲಿ ಫ್ಲೀಟನ ಪಾಂಡಿತ್ಯ ದೊಡ್ಡದು, ಕನ್ನಡಿಗರು ಅವನ ಋಣದಲ್ಲಿದ್ದಾರೆ. ಆದರೆ ಆ ಹೊತ್ತಿಗೆ ಗಲ್ಲಿಗೆ ಹೋದವರ ಮಕ್ಕಳಿಗೆ ಮಕ್ಕಳಾಗಿದ್ದವು. ಸುದ್ದಿ ಹಳೆಯ ಹಾಡಾಗಿ, ವಿದ್ವಾಂಸರ ಸೊತ್ತಾದ ಮೇಲೆ ಅದನ್ನು ಅಚ್ಚು ಹಾಕಲು ಯಾವ ಸರ್ಕಾರವೂ ಹೆದರುವುದಿಲ್ಲ.

ನಾನು ಹೇಳಬೇಕೆಂದಿರುವ ಮಾತು ಇಲ್ಲಿದೆ. ಮಾಲ್ಕಮ್‌ನ ಕುದುರೆಗಳು ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಹೊರಟವು ಎಂಬುದನ್ನು ದಂಡು ಮುಚ್ಚಿಟ್ಟಿತು. ಪ್ರಪಂಚದ ಯಾವ ದಂಡೂ ಮಾಡುವುದು ಅದನ್ನೇ, ಅದರಲ್ಲಿ ನನಗೆ ತಕರಾರಿಲ್ಲ. ದಾಳಿಗೆ ಮುಂಚಿನ ಗುಟ್ಟು ಸಿಪಾಯಿಯ ಜೀವ ಕಾಯುತ್ತದೆ. ಡಿಸೆಂಬರ್ 1ರ ಬೆಳಿಗ್ಗೆ ಆ ಕಾರಣ ಮುಗಿದಿತ್ತು. ಸತ್ತವರೆಷ್ಟು, ಮನೆಗಳಿಗೆ ಬೆಂಕಿ ಹಾಕಿಸಿದವರು ಯಾರು, 19 ಜನರ ವಿಚಾರಣೆ ಹೇಗೆ ನಡೆಯಿತು, ಅವರ ಪರ ಮಾತಾಡಿದವರು ಯಾರಾದರೂ ಇದ್ದರೇ ಎಂದು ಕೇಳಿದ್ದರೆ ಯಾವ ಸಿಪಾಯಿಯ ಜೀವಕ್ಕೂ ಅಪಾಯವಿರಲಿಲ್ಲ. ಆ ಮೇಲೂ ಉಳಿದ ಗುಟ್ಟು ಕಾದದ್ದು ಸಾಹೇಬರ ಹೆಸರನ್ನು. ರಾಷ್ಟ್ರದ ಭದ್ರತೆ, ಪತ್ರಿಕೆಯ ಸ್ವಾತಂತ್ರ್ಯ ಎಂದು ಇವತ್ತು ನಡೆಯುವ ಪ್ರತಿ ವಾದದಲ್ಲೂ ನಾನು ಮೊದಲು ಹುಡುಕುವುದು ಈ ಗೆರೆಯನ್ನು: ಮುಚ್ಚಿಡುತ್ತಿರುವುದು ನಡೆಯಬೇಕಾದ ಕೆಲಸವನ್ನೋ, ನಡೆದುಹೋದ ಕೆಲಸವನ್ನೋ?

ಈ ಗೆರೆ ನಮ್ಮ ಕಾನೂನಿನಲ್ಲಿ ಯಾಕೆ ಮೂಡಲಿಲ್ಲ ಎಂದು ತಿಳಿಯಲು ಹಿಂದಿನ ನಕ್ಷೆ ನೋಡಬೇಕು. ಇವತ್ತು ಬಾಗಲಕೋಟೆ ಜಿಲ್ಲೆಯ ಒಂದೇ ಮೂಲೆಯಲ್ಲಿರುವ ಈ ಊರುಗಳು ಆಗ ನಾಲ್ಕು ಸರ್ಕಾರಗಳ ಕೈಯಲ್ಲಿದ್ದವು. ಜಮಖಂಡಿ ಪಟವರ್ಧನರದು, ಬನಹಟ್ಟಿಯೂ ಅವರ ಸೀಮೆಗೆ ಸೇರಿತ್ತು. ರಬಕವಿ ಸಾಂಗಲಿ ಸಂಸ್ಥಾನದ್ದು. ಮುಧೋಳ ಘೋರ್ಪಡೆಯವರದು. ಬೀಳಗಿ ನೇರವಾಗಿ ಇಂಗ್ಲಿಷರದು. ಮಗ್ಗದ ಸದ್ದು ಒಂದರಿಂದ ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರವಿರುವ ರಬಕವಿ, ಬನಹಟ್ಟಿಗಳಿಗೆ ಬೇರೆ ಬೇರೆ ರಾಜರು. ಬೀಳಗಿಯ ಮನುಷ್ಯ ಬ್ರಿಟಿಷ್ ಕಾನೂನಿನ ಕೆಳಗೆ ಅಷ್ಟೋ ಇಷ್ಟೋ ದೂರಬಹುದಿತ್ತು. ಹೊಳೆ ದಾಟಿ ಸಂಸ್ಥಾನದ ಗಡಿಯೊಳಗೆ ಬಂದರೆ ದರ್ಬಾರಿನ ಮರ್ಜಿ.

ಸಂಸ್ಥಾನಗಳ ಒಳಗಿನ ಸಂಗತಿ ಬರೆಯುವುದು ಎಷ್ಟು ದುಬಾರಿ ಎಂಬುದನ್ನು ನೆರೆಯ ಕೊಲ್ಹಾಪುರ ತೋರಿಸಿಕೊಟ್ಟಿತ್ತು. ಅಲ್ಲಿಯ ದಿವಾನ ಮಾಧವರಾವ್ ಬರ್ವೆ ಎಳೆಯ ರಾಜನ ವಿರುದ್ಧ ಒಳಸಂಚು ನಡೆಸಿದ್ದಾರೆ ಎಂದು ತೋರಿಸುವ ಪತ್ರಗಳನ್ನು ಅಚ್ಚು ಹಾಕಿದ ‘ಕೇಸರಿ’, ‘ಮರಾಠಾ’ ಪತ್ರಿಕೆಗಳ ಮೇಲೆ ಮಾನಹಾನಿಯ ಖಟ್ಲೆ ನಡೆಯಿತು. ಪತ್ರಗಳು ಖೋಟಾ ಎಂದಾಯಿತು. 1882ರಲ್ಲಿ ಆ ಪತ್ರಿಕೆಗಳ ಸಂಪಾದಕರಾದ ತಿಲಕರಿಗೂ ಅಗರಕರರಿಗೂ ನಾಲ್ಕು ತಿಂಗಳ ಶಿಕ್ಷೆಯಾಯಿತು, ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದರು. ಈ ಪ್ರಸಂಗ ಪತ್ರಕರ್ತರ ಪರವಾಗಿ ಮಾತ್ರ ಸಾಕ್ಷಿ ಹೇಳುವುದಿಲ್ಲ. ಕೈಗೆ ಸಿಕ್ಕ ಕಾಗದವನ್ನು ತಿರುಗಿಸಿ ನೋಡದೆ ಅಚ್ಚಿಗೆ ಕಳಿಸಬಾರದು ಎಂಬುದು ನಮ್ಮ ವೃತ್ತಿಯ ಮೊದಲ ನೇಮ. ಆದರೆ ಅರಮನೆಯ ದಫ್ತರ ಮುಚ್ಚಿರುವಾಗ ಕಾಗದ ಖರೆಯೋ ಖೋಟಾವೋ ಎಂದು ತಾಳೆ ನೋಡಲು ಪತ್ರಕರ್ತ ಎಲ್ಲಿಗೆ ಹೋಗಬೇಕಿತ್ತು? ಬಾಗಿಲು ಮುಚ್ಚಿದಷ್ಟೂ ಖೋಟಾ ಕಾಗದಕ್ಕೆ ಬೆಲೆ ಏರುತ್ತದೆ.

ಸರ್ಕಾರಕ್ಕೆ ಮಾತ್ರ ಪತ್ರಿಕೆಗಳ ಬಗ್ಗೆ ಎಲ್ಲವೂ ಗೊತ್ತಿರುತ್ತಿತ್ತು. ಮುಂಬೈ ಪ್ರಾಂತದ ಸರ್ಕಾರಿ ಭಾಷಾಂತರಕಾರರು ವಾರವಾರವೂ ಮರಾಠಿ, ಗುಜರಾತಿ, ಕನ್ನಡ ಪತ್ರಿಕೆಗಳನ್ನು ಓದಿ, ಸಾರಾಂಶ ಬರೆದು, ಗೋಪ್ಯ ಎಂದು ಗುರುತು ಹಾಕಿ ಮೇಲಿನವರಿಗೆ ಕಳಿಸುತ್ತಿದ್ದರು. ಬಹಿರಂಗವಾಗಿ ಮಾರಾಟವಾದ ಪತ್ರಿಕೆಯ ಸಾರಾಂಶಕ್ಕೂ ಗೋಪ್ಯದ ಮುದ್ರೆ! ಇಂಥ ಮನಸ್ಸಿನಿಂದಲೇ 1878ರ ದೇಶಭಾಷಾ ಪತ್ರಿಕಾ ಕಾಯ್ದೆ ಬಂತು, 1889ರಲ್ಲಿ ಅಧಿಕೃತ ರಹಸ್ಯಗಳ ಕಾಯ್ದೆ ಬಂತು. 1904ರಲ್ಲಿ ಕರ್ಜನ್ ಅದನ್ನು ಇನ್ನಷ್ಟು ಬಿಗಿಮಾಡಿದ. 1923ರಲ್ಲಿ ಈಗಿನ ರೂಪ ಬಂತು. ರಾಜರೂ ತಮ್ಮ ಪಾಲು ಕೇಳಿ ಪಡೆದರು. 1910ರ ಪ್ರೆಸ್ ಕಾಯ್ದೆ ರದ್ದಾದಾಗ ಅದರಲ್ಲಿ ಸಂಸ್ಥಾನಿಕರಿಗಿದ್ದ ರಕ್ಷಣೆಯೂ ಹೋಯಿತಲ್ಲ, ಅದನ್ನು ಮರಳಿ ಕೊಡಲು 1922ರಲ್ಲಿ ಬೇರೆ ಮಸೂದೆ ತಂದರು. ಅದನ್ನು ಮಂಡಿಸುವುದಕ್ಕೇ ಕೇಂದ್ರ ಶಾಸನಸಭೆ ಒಪ್ಪಲಿಲ್ಲ. ವೈಸರಾಯ್ ರೀಡಿಂಗ್ ತನ್ನ ವಿಶೇಷ ಅಧಿಕಾರ ಬಳಸಿ ಜಾರಿಮಾಡಿದ. ಅಲ್ಲಿಗೆ ಜಮಖಂಡಿ, ಮುಧೋಳದಂಥ ಸಣ್ಣ ದರ್ಬಾರುಗಳ ಮೇಲೆ ಹೊರಗಿನ ಪತ್ರಿಕೆಯಲ್ಲಿ ಬರೆದರೂ ಕೇಸಿನ ಭಯ ಬಂತು.

1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. ಅರಮನೆ ಹೋಯಿತು, 1923ರ ಕಾಯ್ದೆ ಉಳಿಯಿತು.

ಆ ಸಂಸ್ಥಾನದ ಕೊನೆಯ ದಿನಗಳಲ್ಲಿ ಆಡಳಿತದ ಹೊಣೆ ಹೊತ್ತಿದ್ದವರು ಬಸಪ್ಪ ದಾನಪ್ಪ ಜತ್ತಿ. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದವರು, ಜಮಖಂಡಿಯಲ್ಲಿ ವಕೀಲಿ ಮಾಡಿದವರು, 1945ರಲ್ಲಿ ಅಲ್ಲಿಯ ಪುರಸಭೆಯ ಅಧ್ಯಕ್ಷರಾದವರು. ಮುಂದೆ 1958ರಿಂದ 62ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ. ನಮ್ಮ ಕಡೆ ಅವರ ಬಗ್ಗೆ ಅಭಿಮಾನ ಬಹಳ, ನನಗೂ ಇದೆ. ಅದಕ್ಕಾಗಿಯೇ ಅವರ ಹೆಸರು ಈ ಇತಿಹಾಸದಲ್ಲಿ ಎರಡು ಕಡೆ ಬರುವುದನ್ನು ಬಿಡದೆ ಹೇಳಬೇಕು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಘೋಷಣೆ ಹೇಳಿದ ಕಾರಣ, ಒಳಗಿನ ಗೊಂದಲದಿಂದ ಭಾರತದ ಭದ್ರತೆಗೆ ಗಂಡಾಂತರ ಎಂಬುದು. ನಾನಾಗ ಹೈಸ್ಕೂಲು ಹುಡುಗ. ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದ ಪತ್ರಿಕೆಯನ್ನು ಮಗ್ಗದ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನದು. ನೇಯುವವರು ಲಾಳಿ ನಿಲ್ಲಿಸದೆ ಕೇಳುತ್ತಿದ್ದರು. “ಏ ತಮ್ಮಾ, ಬೆಂಗಳೂರಾಗ ವಾಜಪೇಯಿಯವರನ್ನ ಹಿಡದಾರಂತಲ್ಲ, ಅದು ಬಂದೈತೇನ ನೋಡು” ಎಂದು ಕಾಕಾ ಒಬ್ಬರು ಕೇಳಿದರು. ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಜೂನ್ 26ರಂದು ಬಂಧಿಸಿದ್ದರು. ಊರಿಗೆಲ್ಲ ಗೊತ್ತಿದ್ದ ಆ ಸುದ್ದಿಗಾಗಿ ನಾನು ಪುಟ ತಿರುವಿದೆ. ಇರಲಿಲ್ಲ. ಬಂಧಿತರ ಹೆಸರು ಹಾಕಬಾರದೆಂದು ಸೆನ್ಸಾರಿನ ಆಜ್ಞೆ ಇತ್ತೆಂಬುದು ಆಮೇಲೆ ತಿಳಿಯಿತು. ಆ ತಿಂಗಳುಗಳಲ್ಲಿ ಮಗ್ಗದ ಮನೆಯವರು ಪತ್ರಿಕೆ ಕೇಳುವುದನ್ನು ಬಿಡಲಿಲ್ಲ, ನಂಬುವುದನ್ನು ಬಿಟ್ಟರು. ಸಂತೆಯಿಂದ ಬಂದ ಮಾತಿಗೆ ಬೆಲೆ ಬಂತು. ಖರೆ ಸುದ್ದಿಯ ಜೊತೆಗೆ ಹುಚ್ಚು ಸುದ್ದಿಯೂ ಅದೇ ಚೀಲದಲ್ಲಿ ಬಂತು.

ಡಿಸೆಂಬರ್ 8ರ ಸುಗ್ರೀವಾಜ್ಞೆಗಳು ಇನ್ನೂ ಆಳಕ್ಕೆ ಹೋದವು. ಒಂದು, ಆಕ್ಷೇಪಾರ್ಹ ವಿಷಯಗಳ ಪ್ರಕಟಣೆಯನ್ನು ತಡೆಯುವುದು. ಇನ್ನೊಂದು, ಫಿರೋಜ್ ಗಾಂಧಿ 1956ರಲ್ಲಿ ತಂದಿದ್ದ ಕಾಯ್ದೆಯನ್ನು ರದ್ದು ಮಾಡುವುದು. ಸಂಸತ್ತಿನಲ್ಲಿ ನಡೆದದ್ದನ್ನು ಪ್ರಾಮಾಣಿಕವಾಗಿ ವರದಿ ಮಾಡಿದ ಪತ್ರಿಕೆಯ ಮೇಲೆ ಕೇಸು ಹಾಕುವಂತಿಲ್ಲ ಎನ್ನುತ್ತಿತ್ತು ಆ ಕಾಯ್ದೆ. ಉಪರಾಷ್ಟ್ರಪತಿಯಾಗಿ ಜತ್ತಿಯವರು ರಾಜ್ಯಸಭೆಯ ಸಭಾಪತಿ. ವಿರೋಧ ಪಕ್ಷದವರು ಅಲ್ಲಿ ಆಡಿದ ಮಾತು ಹೊರಗೆ ಬಾರದ ಸಭೆಯ ಪೀಠದಲ್ಲಿ ಸಾವಳಗಿಯ ವಕೀಲರು ಕುಳಿತಿದ್ದರು. ಇದು ಒಂದು ಕಡೆ.

1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು, ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಚುನಾವಣೆಯಲ್ಲಿ ಇಂದಿರಾ ಗಾಂಧಿ ಸೋತರು. ಮಾರ್ಚ್ 21ರಂದು ಒಳಗಿನ ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡ ಘೋಷಣೆ ಹೊರಟದ್ದು ಜತ್ತಿಯವರ ಹೆಸರಿನಲ್ಲಿ. ಏಪ್ರಿಲ್‌ನಲ್ಲಿ ಫಿರೋಜ್ ಗಾಂಧಿಯ ಕಾಯ್ದೆಗೆ ಮರುಜೀವ ಬಂದದ್ದು ಅವರು ಆ ಕುರ್ಚಿಯಲ್ಲಿದ್ದಾಗಲೇ. ಮಂತ್ರಿಮಂಡಲದ ಸಲಹೆಯಂತೆ ನಡೆಯುವ ಅಂಕಿತ ಅದು ಎಂಬುದು ನನಗೆ ಗೊತ್ತು. ಆದರೂ ದೇಶದ ಪತ್ರಿಕೆಗಳ ಬಾಯಿಗೆ ಹಾಕಿದ್ದ ಬೀಗ ತೆಗೆದ ಕಾಗದಗಳ ಮೇಲೆ ನಮ್ಮ ಜಮಖಂಡಿ ಸೀಮೆಯ ಮನುಷ್ಯನ ಹೆಸರಿದೆ ಎಂದು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ. ಒಳಗಿನ ಗೊಂದಲ ಎಂಬ ಸಡಿಲ ಮಾತನ್ನು 1978ರ 44ನೇ ತಿದ್ದುಪಡಿ ಸಂವಿಧಾನದ ತುರ್ತು ಪರಿಸ್ಥಿತಿಯ ವಿಧಿಯಿಂದ ತೆಗೆದು, ಸಶಸ್ತ್ರ ಬಂಡಾಯ ಎಂದು ಬಿಗಿಮಾಡಿತು.

ಮುಚ್ಚಿಟ್ಟ ಸುದ್ದಿ ಸುಳ್ಳಿಗೆ ದಾರಿ ಮಾಡುತ್ತದೆ ಎಂಬ ಮಗ್ಗದ ಮನೆಯ ಪಾಠವನ್ನು ವರದಿಗಾರನಾದ ಮೇಲೆ ಸಣ್ಣ ಪ್ರಮಾಣದಲ್ಲಿ ಮತ್ತೆ ಕಂಡೆ. ಒಂದು ಊರಿನಲ್ಲಿ ಮೆರವಣಿಗೆಯ ದಿನ ಕಲ್ಲು ತೂರಾಟವಾಯಿತು. ಗಾಯವಾದವರು ಎಷ್ಟು ಜನ ಎಂದು ಅಧಿಕಾರಿಯೊಬ್ಬರನ್ನು ಕೇಳಿದೆ. “ಸೂಕ್ಷ್ಮ ವಿಷಯ ಐತ್ರಿ, ಬರೀಬ್ಯಾಡ್ರಿ” ಎಂದರು. ಹೊತ್ತು ಮುಳುಗುವುದರೊಳಗೆ ಇಬ್ಬರು ಸತ್ತಿದ್ದಾರೆಂಬ ಸುಳ್ಳು ಪಕ್ಕದ ಹಳ್ಳಿಗಳಿಗೆ ತಲುಪಿತ್ತು. ಸತ್ತವರು ಯಾರೂ ಇರಲಿಲ್ಲ. ಊರ ಹಿರಿಯರೊಬ್ಬರು ನನ್ನನ್ನು ಆಸ್ಪತ್ರೆಗೆ ಕರೆದೊಯ್ದು ಗಾಯಾಳುಗಳನ್ನು ತೋರಿಸಿದರು. ಮರುದಿನ ಸರಿಯಾದ ಸಂಖ್ಯೆ ಅಚ್ಚಾದ ಮೇಲೆ ಅಂಗಡಿಗಳು ಬಾಗಿಲು ತೆಗೆದವು.

ಪತ್ರಿಕೆಯವರು ಸುಮ್ಮನಿರಬೇಕಾದ ಹೊತ್ತೂ ಇದೆ. 2008ರ ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿ ನಡೆದಾಗ ಕಮಾಂಡೋಗಳು ಎಲ್ಲಿ ಇಳಿದರು, ಎಲ್ಲಿ ನಿಂತರು ಎಂಬುದನ್ನು ವಾಹಿನಿಗಳು ನೇರವಾಗಿ ತೋರಿಸಿದವು. ಗಡಿಯಾಚೆ ಕೂತಿದ್ದವರು ಅದನ್ನು ನೋಡಿ ಫೋನಿನಲ್ಲಿ ಹೇಳಿಕೊಡುತ್ತಿದ್ದರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಾಹಿನಿಗಳನ್ನು ಕಟುವಾಗಿ ಟೀಕಿಸಿತು. ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆ ಮುಗಿಯುವವರೆಗೆ ನೇರ ಪ್ರಸಾರ ಬೇಡ ಎಂದು 2015ರಲ್ಲಿ ಕೇಬಲ್ ಟಿವಿ ನಿಯಮ ಬಂತು. ನಾನು ಅದರ ಪರ. ಆ ನಿಯಮಕ್ಕೆ ಒಂದು ಕೊನೆ ಇದೆ ನೋಡಿ: ಕಾರ್ಯಾಚರಣೆ ಮುಗಿಯುವವರೆಗೆ.

ಅಂಥ ಕೊನೆಯೇ ಇಲ್ಲದ ಗುಟ್ಟುಗಳು ನನ್ನನ್ನು ಕಾಡುತ್ತವೆ. 1962ರ ಚೀನಾ ಯುದ್ಧದಲ್ಲಿ ನಾವು ಯಾಕೆ ಸೋತೆವು ಎಂದು ಸೇನೆಯ ಇಬ್ಬರು ಅಧಿಕಾರಿಗಳು, ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್, ಬರೆದ ವರದಿ 1963ರಲ್ಲಿ ಸರ್ಕಾರದ ಕೈ ಸೇರಿತು. ಪತ್ರಕರ್ತ ಕುಲದೀಪ್ ನಯ್ಯರ್ ಅದನ್ನು ಮಾಹಿತಿ ಹಕ್ಕಿನಡಿ ಕೇಳಿದರು. 2010ರಲ್ಲಿ ಕೇಂದ್ರ ಮಾಹಿತಿ ಆಯೋಗ ಕೊಡಲಾಗದು ಎಂದಿತು. ಅರವತ್ತು ವರ್ಷ ದಾಟಿದರೂ ಸರ್ಕಾರ ಅದನ್ನು ಪ್ರಕಟಿಸಿಲ್ಲ. ಆ ಯುದ್ಧದಲ್ಲಿ ಮಡಿದ ಸಿಪಾಯಿಗಳ ಹೆಂಡಂದಿರು ತಮ್ಮ ಗಂಡಂದಿರು ಯಾರ ತಪ್ಪಿಗೆ ಸತ್ತರು ಎಂದು ಅಧಿಕೃತವಾಗಿ ತಿಳಿಯದೆಯೇ ಮುದುಕಿಯರಾದರು.

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. ದೇಶಕ್ಕೆ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬರುವ ಮೊದಲೇ, 2000ದಲ್ಲಿ, ನಮ್ಮಲ್ಲಿ ರಾಜ್ಯದ ಕಾಯ್ದೆ ಆಗಿತ್ತು. ಆದರೆ 2005ರ ಕಾಯ್ದೆಯ 8ನೇ ಕಲಮಿನ 3ನೇ ಉಪಕಲಮನ್ನು ನಿಧಾನವಾಗಿ ಓದಬೇಕು. ಇಪ್ಪತ್ತು ವರ್ಷ ಹಳೆಯದಾದ ಸಂಗತಿಯ ಮಾಹಿತಿ ಕೊಡಬೇಕು ಎನ್ನುತ್ತದೆ ಅದು, ಆದರೆ ದೇಶದ ಭದ್ರತೆಯ ವಿನಾಯಿತಿಗೆ ಆ ಇಪ್ಪತ್ತು ವರ್ಷದ ಗಡುವು ಅನ್ವಯಿಸುವುದಿಲ್ಲ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎಂಬ ಒಂದು ಕಿಂಡಿ 2ನೇ ಉಪಕಲಮಿನಲ್ಲಿದೆ. 2019ರಲ್ಲಿ ‘ದಿ ಹಿಂದೂ’ ರಫೇಲ್ ವಿಮಾನ ಖರೀದಿಯ ಕಾಗದಗಳನ್ನು ಪ್ರಕಟಿಸಿದಾಗ, ಅವು ಕದ್ದ ಕಾಗದಗಳು, ರಹಸ್ಯ ಕಾಯ್ದೆಯ ಕೆಳಗೆ ಬರುತ್ತವೆ ಎಂದು ಸರ್ಕಾರ ಕೋರ್ಟಿನಲ್ಲಿ ವಾದಿಸಿತು. ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಆ ತಕರಾರನ್ನು ತಳ್ಳಿಹಾಕಿ ಕಾಗದಗಳನ್ನು ಪರಿಶೀಲನೆಗೆ ತೆಗೆದುಕೊಂಡಿತು. ನವೆಂಬರಿನಲ್ಲಿ ಮರುಪರಿಶೀಲನೆಯ ಅರ್ಜಿಗಳು ವಜಾ ಆದವು, ಸರ್ಕಾರವೇ ಗೆದ್ದಿತು. ನನಗೆ ಮುಖ್ಯವಾದದ್ದು ಏಪ್ರಿಲಿನ ತೀರ್ಪು. ಕಾಗದ ಬಯಲಿಗೆ ಬಂದರೂ ಸರ್ಕಾರ ಬೀಳಲಿಲ್ಲ, ವಿಮಾನಗಳೂ ಬಂದವು.

ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗ 2006ರ ಜೂನಿನಲ್ಲಿ ಕೊಟ್ಟ ಮೊದಲ ವರದಿಯಲ್ಲೇ 1923ರ ಕಾಯ್ದೆಯನ್ನು ರದ್ದು ಮಾಡಿ ಎಂದು ಶಿಫಾರಸು ಮಾಡಿತ್ತು. ಬೇಹುಗಾರಿಕೆಯಂಥ ನಿಜವಾದ ಅಪರಾಧಗಳನ್ನು ರಾಷ್ಟ್ರೀಯ ಭದ್ರತೆಯ ಕಾಯ್ದೆಯಲ್ಲಿ ಒಂದು ಅಧ್ಯಾಯವಾಗಿ ಇಟ್ಟುಕೊಳ್ಳಿ ಎಂದಿತ್ತು. ಕರ್ನಾಟಕದ ಮಾಜಿ ಮುಖ್ಯಮಂತ್ರಿಯೊಬ್ಬರು ಬರೆಸಿದ ಆ ಶಿಫಾರಸು ಜಾರಿಯಾಗಲಿಲ್ಲ. ಗುಟ್ಟು ಎಂದರೇನು ಎಂದು 1923ರ ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ಅದರ 5ನೇ ಕಲಮು ಕಾಗದ ಕೊಟ್ಟವನನ್ನು ಹಿಡಿಯುವಂತೆಯೇ, ಗೊತ್ತಿದ್ದೂ ಅದನ್ನು ತೆಗೆದುಕೊಂಡವನನ್ನೂ ಹಿಡಿಯುತ್ತದೆ. ನಾಳೆ ಜಮಖಂಡಿಯ ಬಸ್ ನಿಲ್ದಾಣದಲ್ಲಿ ಒಬ್ಬ ಎಳೆಯ ವರದಿಗಾರ್ತಿಯ ಕೈಗೆ ಯಾರಾದರೂ ಅಂಥದೊಂದು ಕವರ್ ಇಟ್ಟರೆ, ಅವಳು ಎದುರಿಸಬೇಕಾದದ್ದು ಈ ಕಲಮನ್ನೇ.